ಅಕ್ಕ ಬರೆಯದೆ ಬಿಟ್ಟ ಸಾಲು

ಅಕ್ಕನ ಬಲಗೈ ತೋರುಬೆರಳಿನ ಉಗುರು ಯಾವಾಗಲೂ ಕರ್ರಗೆ ಇರುತ್ತಿತ್ತು. ಬೂದಿ ಹಚ್ಚಿ ತಿಕ್ಕಿದರೂ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಬಿಳಿ ಹಿಟ್ಟಿನ ನಡುವೆ ಆ ಒಂದು ಉಗುರು ಎದ್ದು ಕಾಣುತ್ತಿತ್ತು.

ಅದು ಇದ್ದಲಿನ ಮಸಿ. ಕಿಣ್ಣಿ ಸುಲ್ತಾನದ ನಮ್ಮ ಮನೆಯಲ್ಲಿ ಬೀಸುವ ಕಲ್ಲಿನ ಹಿಂದಿನ ಗೋಡೆಯೇ ಅಕ್ಕನ ದಿನಚರಿ. ದೀಪ ಹಚ್ಚುವ ಹೊತ್ತಿಗೆ ಒಂದು ಇದ್ದಲಿನ ಚೂರು ಹಿಡಿದು ಅಲ್ಲಿ ಒಂದೆರಡು ಸಾಲು ಬರೆಯುತ್ತಿದ್ದಳು. ಅಮಾವಾಸ್ಯೆಗೆ ಬಿಳಿಮಣ್ಣಿನಿಂದ ಗೋಡೆ ಸಾರಿಸಿ, ಮರುದಿನ ಮತ್ತೆ ಮೇಲಿನಿಂದ ಶುರು. ನಾನು ಅಕ್ಕನ ಮನೆಯಲ್ಲೇ ಬೆಳೆದ ಚಿಕ್ಕ ತಂಗಿ, ಶಾಲೆಯ ಮುಖ ನೋಡಿದ್ದು ಕಡಿಮೆ. ಓದಲು ಕಲಿತದ್ದು ಬಹುಮಟ್ಟಿಗೆ ಆ ಗೋಡೆಯಿಂದಲೇ.

ಈ ರೂಢಿಯನ್ನು ಮನೆಗೆ ತಂದವರು ಮಾವ, ಅಂದರೆ ಅಕ್ಕನ ಗಂಡ. ಅದು 1948ರ ಸುಗ್ಗಿಯ ಕಾಲ, ನಿಜಾಮನ ಆಳ್ವಿಕೆಯ ಕೊನೆಯ ದಿನಗಳು. ಕುದುರೆ ಏರಿ ಬಂದವರು ಹಳ್ಳಿಗಳನ್ನು ಸುಲಿಯುತ್ತಿದ್ದರು. ನಮ್ಮೂರಿನ ಗಟ್ಟಿ ಗಂಡಸರು ಬಹಳಷ್ಟು ಜನ ಗಡಿ ದಾಟಿ ನಿಜಾಮನ ವಿರುದ್ಧದ ಹೋರಾಟಗಾರರ ಶಿಬಿರ ಸೇರಿದ್ದರು, ಮಾವನೂ ಹೋಗಿದ್ದರು. ನಾಲ್ಕು ಜನರ ಮುಂದೆ ನಡೆಯುವವನು ದಿನಾ ಸಂಜೆ ತನ್ನ ತಪ್ಪನ್ನು ತಾನೇ ಬರೆದು ನೋಡಬೇಕು ಎಂದು ಅಲ್ಲಿನ ಹಿರಿಯರೊಬ್ಬರು ಹೇಳುತ್ತಿದ್ದರಂತೆ. ಒಮ್ಮೆ ಕದ್ದು ಮನೆಗೆ ಬಂದಾಗ ಮಾವ ಇದನ್ನು ಹೇಳಿದರು. ಅಕ್ಕ ನಕ್ಕಳು.

"ನಿಮ್ಮ ತಪ್ಪು ಬರಿಲಾಕ ಊರಾಗಿನ ಗೋಡಿ ಎಲ್ಲಾ ಕೂಡಿಸಿದ್ರೂ ಸಾಲಂಗಿಲ್ರಿ."

ಆದರೆ ಅವರು ಹೋದ ಮೇಲೆ ಇದ್ದಲು ಹಿಡಿದವಳು ಅವಳೇ. ಹೊಲದಲ್ಲಿ ಜೋಳ ನಿಂತಿತ್ತು, ಕೊಯ್ಯಲು ಗಂಡಸರಿರಲಿಲ್ಲ, ಹೆಂಗಸು ಒಂಟಿಯಾಗಿ ಹೊಲಕ್ಕೆ ಹೋಗುವ ಹಾಗಿರಲಿಲ್ಲ. ಓಣಿಯ ಹೆಂಗಸರೆಲ್ಲ ಗುಂಪಾಗಿ ಸರದಿಯ ಮೇಲೆ ಒಬ್ಬೊಬ್ಬರ ಹೊಲ ಕೊಯ್ಯುವುದೆಂದು ಮಾತಾಗಿ, ಅಕ್ಕನನ್ನು ಮುಂದಾಳು ಮಾಡಿದರು. ಬೆಳಿಗ್ಗೆ ಬಾವಿಯ ಹತ್ತಿರ ಎಲ್ಲರೂ ಕೂಡಿದಾಗ ಅಕ್ಕ ಹಿಂದಿನ ಸಂಜೆ ಬರೆದದ್ದನ್ನು ಬಾಯಿಬಿಟ್ಟು ಹೇಳುತ್ತಿದ್ದಳು. ನಿನ್ನೆ ಬಸುರಿಯ ತಲೆಯ ಮೇಲೆ ಹೊರೆ ಹೊರಿಸಿದೆ. ನಿನ್ನೆ ನನಗೆ ಬೇಕಾದವರನ್ನು ನೆರಳಿನ ಕಡೆಗೆ ನಿಲ್ಲಿಸಿದೆ. ಇಂಥವೇ ಮಾತು. ಹೆಂಗಸರಿಗೆ ಅದೊಂದು ತಮಾಷೆ. "ಇವತ್ತೇನ್ ತಪ್ಪ ಮಾಡಿ ಬಂದಿ ಬೇ?" ಎಂದೇ ಅವಳನ್ನು ಮಾತಾಡಿಸುತ್ತಿದ್ದರು. ಆದರೆ ಮರುದಿನ ಬಸುರಿಗೆ ಹೊರೆ ಇರುತ್ತಿರಲಿಲ್ಲ. ಅದನ್ನು ಎಲ್ಲರೂ ಕಂಡಿದ್ದರು.

ನನ್ನ ಕೆಲಸ ಹಕ್ಕಿ ಕಾಯುವ ಅಟ್ಟದ ಮೇಲೆ. ಕೈಯಲ್ಲಿ ಕವಣೆ, ಬಾಯಲ್ಲಿ "ಹೋ ಹೋ" ಎಂಬ ಕೂಗು. ಆಳಂದದ ಹಾದಿ ಅಲ್ಲಿಂದ ದೂರದವರೆಗೂ ಕಾಣುತ್ತಿತ್ತು. ನಾನು ಕೂಗುತ್ತಿರುವ ತನಕ ಭಯವಿಲ್ಲ, ಕೂಗು ನಿಂತರೆ ಸವಾರರು ಬಂದರೆಂದು ತಿಳಿದು ಎಲ್ಲರೂ ಹಳ್ಳಕ್ಕೆ ಇಳಿಯಬೇಕು. ಇದು ಅಕ್ಕನದೇ ಯೋಚನೆ. ಬರುವವರು ಕೂಗು ಕೇಳಿದರೆ ಯಾರೋ ಹಕ್ಕಿ ಕಾಯುತ್ತಿದ್ದಾರೆ ಎಂದುಕೊಳ್ಳುತ್ತಾರೆ. ನಿಂತರೆ ಅವರಿಗೇನೂ ತಿಳಿಯುವುದಿಲ್ಲ.

ಆವತ್ತು ಕಾಕಿಯ ಹೊಲದ ಸರದಿ. ಕಾಕಿ ಎಂದರೆ ಹಿಂದಿನ ಮನೆಯ ಮುದುಕಿ, ಇದ್ದದ್ದು ಅದೊಂದೇ ತುಂಡು ಹೊಲ. ತಡವಾಗಿ ಬಿತ್ತಿದ ಒಂದು ಪಟ್ಟಿಯಲ್ಲಿ ತೆನೆ ಇನ್ನೂ ಹಾಲುಗಾಳಾಗಿತ್ತು. ಬುತ್ತಿ ಬಿಸಿ ಮಾಡಿದ ಸಗಣಿ ಕುಳ್ಳಿನ ಕೆಂಡ ಅಟ್ಟದ ಕೆಳಗೆ ಹಾಗೇ ಇತ್ತು. ಹಸಿ ತೆನೆ ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿದರೆ ಸೀತನಿ. ಅದರ ಮುಂದೆ ನನಗೆ ಏನೂ ನೆನಪಾಗಲಿಲ್ಲ. ಕೆಳಗಿಳಿದೆ, ಸುಟ್ಟೆ, ಬಾಯಿ ತುಂಬ ಮುಕ್ಕಿದೆ. ಬಾಯಿ ತುಂಬಿದ ಮೇಲೆ ಕೂಗುವುದೆಲ್ಲಿ?

ತಲೆ ಎತ್ತಿದಾಗ ಹೊಲದಲ್ಲಿ ಒಬ್ಬರೂ ಇರಲಿಲ್ಲ. ನಾನೂ ಹಳ್ಳಕ್ಕೆ ಓಡಿದೆ. ಓಟದಲ್ಲಿ ಬಿದ್ದು ಕಾಕಿಯ ಕಾಲು ಉಳುಕಿತ್ತು, ಸೆರಗು ಬಾಯಿಗೆ ಒತ್ತಿಕೊಂಡು ನರಳುತ್ತಿದ್ದಳು.

"ಏನ್ ಕಂಡಿ?" ಅಕ್ಕ ಪಿಸುಗುಟ್ಟಿದಳು.

"ಧೂಳ ಎದ್ದಿತ್ತು ಯಕ್ಕಾ. ಕುದುರಿ ಬರಾಕತ್ತಿದ್ವು."

ಮಾತು ಹಾಗೆಯೇ ಬಂದುಬಿಟ್ಟಿತು. ಅಕ್ಕ ಕೊಯ್ದ ತೆನೆಯ ರಾಶಿಯನ್ನು ಹೊಲದಲ್ಲೇ ಬಿಡಿಸಿ, ಹಳ್ಳದ ಗುಂಟ ಎಲ್ಲರನ್ನೂ ಊರಿಗೆ ಕರೆತಂದಳು.

ಬೆಳಗಾಗುವುದರಲ್ಲಿ ಬಿಡಾಡಿ ದನಗಳು ಆ ರಾಶಿಯನ್ನು ತಿಂದು ತುಳಿದು ಹೋಗಿದ್ದವು. ಕಾಕಿಯ ಸೊಸೆ ಬಾವಿಯ ಹತ್ತಿರ ಬಂದು ಬಾಯಿ ಬಡಿದುಕೊಂಡಳು. ಅವಳು ಸುಮ್ಮನಾದ ಮೇಲೆ ಅಕ್ಕ ಎಂದಿನಂತೆ ತನ್ನ ಸಾಲು ಹೇಳಿದಳು: "ನಿನ್ನಿ ನಾ ಅಂಜಿದೆ. ನಾನೇ ಅಟ್ಟ ಹತ್ತಿ ನೋಡಲಿಲ್ಲ. ಒಬ್ಬರ ಅರ್ಧ ವರ್ಷದ ಕೂಳು ಬಿಟ್ಟು ಬಂದೆ."

ಈ ಸಲ ಯಾರೂ ನಗಲಿಲ್ಲ.

"ಗೋಡಿ ಮ್ಯಾಲ ಬರದ್ರ ದನ ತಿಂದ ತೆನಿ ತಿರುಗಿ ಬರ್ತಾವೇನ ಬೇ?" ಎಂದಳು ಸೊಸೆ. "ಸಾಕು ನಿನ್ನ ಮುಂದಾಳತನ. ಇನ್ನ ಹಿಂದ ಬಾ ನೀ."

"ಆಯ್ತವ್ವಾ, ಹಿಂದ ಬರ್ತೇನಿ. ಆದರ ಇವತ್ತ ಕಾಕಿ ಹೊಲಕ್ಕೇ ಹೋಗಬೇಕು. ಅರ್ಧ ಇನ್ನೂ ನಿಂತದ."

"ಕುದುರಿ ಬಂದ ಹಾದಿಗಿ ಯಾರ್ ಬರ್ತಾರ? ನೀನೇ ಹೋಗು," ಎಂದಳು ಗುಂಪಿನಲ್ಲಿ ಇನ್ನೊಬ್ಬಳು.

ಅಕ್ಕ ನನ್ನ ಕಡೆ ನೋಡಿದಳು. ಒಂದು ಮಾತು ಸಾಕಿತ್ತು. ನಾನು ಬಾವಿಯ ಹಗ್ಗದ ಗಂಟು ಬಿಚ್ಚುತ್ತ ನಿಂತೆ. ಅವಳು ಕುಡಗೋಲು ಸೊಂಟಕ್ಕೆ ಸಿಕ್ಕಿಸಿ ಒಬ್ಬಳೇ ನಡೆದಳು. ಊಟದ ಹೊತ್ತಿನ ತನಕ ಒಬ್ಬಳೇ ಕೊಯ್ದಳು. ಆಮೇಲೆ ನಾಚಿಕೆಯಾಗಿ ಒಬ್ಬೊಬ್ಬರೇ ಹೋಗಿ ಕೂಡಿಕೊಂಡರು. ಸಂಜೆಗೆ ಹೊಲ ಮುಗಿಯಿತು. ಹಾಳಾದ ತೆನೆಯ ಬದಲು ನಮ್ಮ ರಾಶಿಯಿಂದ ಅಳೆದು ಕೊಟ್ಟು ಬಂದಳು. ಆದರೆ ಹೋದ ಮುಂದಾಳತನ ತಿರುಗಿ ಬರಲಿಲ್ಲ. ಆ ಸುಗ್ಗಿ ಮುಗಿಯುವವರೆಗೆ ಅಕ್ಕ ಎಲ್ಲರ ಹಿಂದೆ ನಡೆದಳು. "ಅಂಜುಬುರುಕಿ" ಎಂಬ ಹೆಸರು ಮಾವ ಶಿಬಿರದಿಂದ ಬಂದ ಮೇಲೂ ಓಣಿಯಲ್ಲಿ ಉಳಿದಿತ್ತು.

ಗೋಡೆ ಮಾತ್ರ ಅವಳು ಬಿಡಲಿಲ್ಲ. "ಈಗ ಯಾಕ ಬರಿತಿ, ಮುಂದಾಳು ಅಲ್ಲಲ್ಲ?" ಎಂದು ಒಮ್ಮೆ ಕೇಳಿದೆ.

"ಮುಂದ ನಡ್ಯೋದು ಅವರು ಕೊಟ್ಟದ್ದು, ಅವರೇ ತಗೊಂಡ್ರು. ಇದು ನಂದು."

ಆಗ ಒಂದು ಸಂಗತಿ ಗಮನಿಸಿದ್ದೆ. ಹಳ್ಳಕ್ಕೆ ಓಡಿದ ಆ ದಿನದ ಸಾಲಿನ ಕೆಳಗೆ ಇನ್ನೊಂದು ಸಾಲು ಹಿಡಿಯುವಷ್ಟು ಜಾಗ ಬಿಟ್ಟು ಅವಳು ಮರುದಿನದ್ದು ಬರೆದಿದ್ದಳು. ಅಲ್ಲಿ ಗೋಡೆ ಉಬ್ಬಿರಬೇಕು ಎಂದುಕೊಂಡೆ. ಅಮಾವಾಸ್ಯೆಗೆ ನಾನೇ ಅದರ ಮೇಲೆ ಬಿಳಿಮಣ್ಣು ಸಾರಿಸಿದೆ.

ನನ್ನನ್ನು ಜೇವರ್ಗಿ ಕಡೆಯ ನೆಲೋಗಿಗೆ ಕೊಟ್ಟರು. ಮಕ್ಕಳು ಮೊಮ್ಮಕ್ಕಳಾದವು. ಅಕ್ಕ ಹಾಸಿಗೆ ಹಿಡಿದಾಗ ನೋಡಲು ಹೋದೆ. ಉಗುರು ಆಗಲೂ ಕರ್ರಗಿತ್ತು. ಅವಳ ಕಾಲು ಒತ್ತುತ್ತ, ಮುಖ ನೋಡದೆ ಹೇಳಿದೆ: "ಯಕ್ಕಾ, ಆವತ್ತ ಕುದುರಿ ಇರಲಿಲ್ಲ."

"ಗೊತ್ತದ ಬೇ. ರಾತ್ರಿ ಉಣ್ಣಾಕ ಕುಂತಾಗ ನಿನ್ನ ತುಟಿ ಮ್ಯಾಲ ಸೀತನಿ ಮಸಿ ಇತ್ತು."

"ಮತ್ತ ಬಾವಿ ಹಂತ್ಯಾಕ ಯಾಕ ಹೇಳಲಿಲ್ಲ? ನನ್ನ ಹೆಸರು ಯಾಕ ಬರಿಲಿಲ್ಲ?"

"ನಾ ಅಟ್ಟ ಹತ್ತಿ ನೋಡಲಿಲ್ಲ, ಅದು ನನ್ನ ತಪ್ಪು, ಬರದೆ. ನಿಂದು ನಾ ಹ್ಯಾಂಗ ಬರೀಲಿ? ಜಾಗಾ ಬಿಟ್ಟಿದ್ದೆ."

ಆ ಬೇಸಿಗೆಯಲ್ಲೇ ಅಕ್ಕ ತೀರಿಕೊಂಡಳು. ಮಣ್ಣು ಮಾಡಿ ನೆಲೋಗಿಗೆ ಬಂದವಳು ಒಲೆಯಿಂದ ಒಂದು ಇದ್ದಲು ತೆಗೆದು ನನ್ನ ಅಡುಗೆಮನೆಯ ಗೋಡೆಯ ಮೇಲೆ ಬರೆದೆ: ಕುದುರೆ ಇರಲಿಲ್ಲ. ನಾನು ಸೀತನಿ ತಿನ್ನುತ್ತಿದ್ದೆ. ಬಾವಿಯ ಹತ್ತಿರ ಸುಮ್ಮನೆ ನಿಂತೆ.

ಇದನ್ನು ಕೇಳಬೇಕಾಗಿದ್ದ ಹೆಂಗಸರಲ್ಲಿ ಈಗ ಉಳಿದವರು ಕಡಿಮೆ. ಅದಕ್ಕೇ ಇಲ್ಲಿಯೂ ಬರೆದಿದ್ದೇನೆ. ಅಮಾವಾಸ್ಯೆಗೆ ನನ್ನ ಸೊಸೆ ಬಿಳಿಮಣ್ಣು ಕಲಸಿದಾಗ ಆ ಗೋಡೆಯನ್ನು ಮಾತ್ರ ನಾನೇ ಸಾರಿಸುತ್ತೇನೆ, ಆ ಸಾಲಿನ ಸುತ್ತಲೂ, ಅದನ್ನು ಮುಟ್ಟದೆ.