ಗಾಜು ತಟ್ಟುತ್ತಿದ್ದ ಪೈಲಟ್

ಮುಂಡರಗಿ ದಾಟಿದರೆ ಒಬ್ಬ ಸಾಹುಕಾರರ ಖಾಸಗಿ ರನ್‌ವೇ ಇತ್ತು. ಅವರ ಪುಟ್ಟ ವಿಮಾನದ ವೈರಿಂಗ್ ನನ್ನ ಕೆಲಸ. ಅದನ್ನು ಹಾರಿಸುತ್ತಿದ್ದ ಹಿರಿಯ ಪೈಲಟ್‌ರನ್ನು ಕಾಕಾ ಎನ್ನುತ್ತಿದ್ದೆ. ಎತ್ತರ ತೋರಿಸುವ ಡಯಲ್ ನೋಡುವ ಮೊದಲು ಅವರು ಬೆರಳಿನ ಗೆಣ್ಣಿನಿಂದ ಅದರ ಗಾಜು ತಟ್ಟುತ್ತಿದ್ದರು. “ಮುಳ್ಳಿಗೂ ನಿದ್ದಿ ಬರ್ತೈತಿ, ಎಬ್ಬಸಬೇಕಲೇ” ಎನ್ನುತ್ತಿದ್ದರು.

ಅಂಥ ಹಳೆಯ ಡಯಲ್‌ಗಳನ್ನೆಲ್ಲ ಕಳಚಿ, ಮುಟ್ಟಿದರೆ ಕೆಲಸ ಮಾಡುವ ಡಿಜಿಟಲ್ ಪರದೆ ಕೂರಿಸಿದೆವು. ಮೊದಲ ಹಾರಾಟಕ್ಕೆ ನಾನೂ ಪಕ್ಕದಲ್ಲಿ ಕುಳಿತೆ. ನದಿ ದಂಡೆಯ ಸಿಂಗಟಾಲೂರಿನ ಮೇಲೆ ಮೋಡ ಕವಿದಾಗ ಅವರ ಗೆಣ್ಣು ಅಭ್ಯಾಸಬಲದಿಂದ ಪರದೆಯನ್ನು ತಟ್ಟಿತು. ಎತ್ತರದ ಅಂಕಿ ಮಾಯವಾಗಿ ನಕಾಶೆ ಬಂತು.

“ಎಲ್ಲಿ ಹೋತಲೇ?”

“ಮುಟ್ಟಬ್ಯಾಡ್ರಿ, ಕಾಕಾ!”

ನಾನು ಅಂಕಿಯನ್ನು ಮರಳಿ ತರುವಷ್ಟರಲ್ಲಿ ವಿಮಾನ ಮೋಡದಿಂದ ಕೆಳಗಿಳಿದು, ನದಿಯ ನೀರು ತೀರ ಹತ್ತಿರ ಕಂಡಿತು. ಇಳಿದ ಮೇಲೆ ಅವರು ವಿಮಾನದ ಕೀಲಿಕೈ ನನಗೆ ಕೊಟ್ಟರು. “ಕೈ ಕಲ್ತದ್ದನ್ನ ಬಿಡವಲ್ದು. ಇನ್ನ ನಾ ಹಾರಂಗಿಲ್ಲ.”

ತಟ್ಟಿದರೂ ಪರದೆ ಬದಲಾಗದಂತೆ ಮಾಡುವ ಸೆಟ್ಟಿಂಗ್ ಇರುವುದು ಮರುವಾರ ತಿಳಿಯಿತು. ಅದನ್ನು ಹೇಳಲೆಂದೇ ಶಿರಹಟ್ಟಿಯ ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದ ಅವರೇ ಕೇಳಿದರು: “ಅದಕ್ಕೇನರ ಉಪಾಯ ಐತೇನಲೇ?”

ಮತ್ತೆ ವಿಮಾನ ಹಾರಿಸಲು ಹೋಗಿ ಅಪಘಾತಕ್ಕೆ ಸಿಕ್ಕಾರು ಎಂದು ಹೆದರಿದೆ. “ಇಲ್ರಿ, ಕಾಕಾ” ಎಂದೆ.

ಎರಡು ತಿಂಗಳ ನಂತರ ಕಾಕಾ ತೀರಿಕೊಂಡರು; ಅವರ ಮಣ್ಣಿಗೆ ಹೋದೆ. “ವಿಮಾನದ ಸಪ್ಪಳ ಕೇಳಿದ್ರ ಎದ್ದು ಒಳಗ ಹೋಗ್ತಿದ್ರಪಾ” ಎಂದರು ಅವರ ಹೆಂಡತಿ.