ಎಡಕ್ಕಿದ್ದ ಗಡಿಯಾರ

ವತ್ಸಲಾ, ಕಂಪ್ಯೂಟರ್ ಪರದೆಯ ಮೇಲಿನ ಆ ಪಟ್ಟಿ, ಆ ಪ್ಯಾನೆಲ್, ನಾನು ಮಾಡಿದ್ದಲ್ಲ, ನೀನು ಮಾಡಿದ್ದು. ಇದು ನಿನಗೂ ಗೊತ್ತು, ನನಗೂ ಗೊತ್ತು — ನಾಗಪುರದ ನಮ್ಮ ಕಚೇರಿಯಲ್ಲಿ ಮಾತ್ರ ಯಾರಿಗೂ ಗೊತ್ತಿಲ್ಲ, ಏಕೆಂದರೆ ಇಷ್ಟು ವರ್ಷ ನಾನೇ ಗೊತ್ತಾಗಗೊಡಲಿಲ್ಲ. ನಾಚಿಕೆಯಿಂದಲೇ ಬರೆಯಲು ಕುಳಿತೆ. ಆದರೆ ನಿನ್ನ ಕೆಲಸದ ಮಾತು ಬಂದರೆ ಹೆಮ್ಮೆಯೇ ಮುಂದಾಗುತ್ತದೆ, ಏನು ಮಾಡಲಿ.

ಧರಮಪೇಠದ ಬಾಡಿಗೆ ಮನೆಗೆ ಹಳೆಯ ಕಂಪ್ಯೂಟರ್ ತಂದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದವನು ನಾನು. ನನ್ನ ಪಾಲು ಅಷ್ಟೇ. ಬಿ.ಎಸ್ಸಿ. ಗಣಿತ ಓದಿ, ನನ್ನ ವರ್ಗಾವಣೆಗಳ ಹಿಂದೆ ಊರೂರು ಅಲೆದು, ಎಲ್ಲೂ ಕೆಲಸಕ್ಕೆ ಸೇರಲಾಗದ ನೀನು ಆ ಪರದೆಯನ್ನು ಅಡುಗೆಮನೆಯ ಕಪಾಟಿನಂತೆ ಜೋಡಿಸಿದೆ. ಕೆಳಗಿನ ಪಟ್ಟಿ ಕಿತ್ತುಹಾಕಿದೆ. ಮೇಲಿನ ಪಟ್ಟಿಯ ನಟ್ಟನಡುವೆ ಕಡತ ಹುಡುಕುವ ಪುಟ್ಟ ಖಾನೆಯೊಂದನ್ನು, ಆಪ್ಲೆಟ್ ಅನ್ನು, ಕೂರಿಸಿದೆ — ನಾಲ್ಕಕ್ಷರ ಒತ್ತಿದರೆ ಸಾಕು, ಮಗಳ ಶಾಲೆಯ ಅರ್ಜಿ, ಮನೆಮಾಲೀಕರಿಗೆ ಬರೆದ ಪತ್ರ, ನಿನ್ನಮ್ಮ ಹೇಳಿದ ಹೋಳಿಗೆಯ ಅಳತೆ, ಎಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. ಬಲತುದಿಯ ಗಡಿಯಾರವನ್ನು ಎಡತುದಿಗೆ ಎಳೆದಿಟ್ಟೆ. ಬಲಕ್ಕಿದ್ದ ಸ್ಪೀಕರಿನ ಅಯಸ್ಕಾಂತದಿಂದ ನಮ್ಮ ಮಾನಿಟರಿನ ಆ ಮೂಲೆ ನೇರಳೆಗೆ ತಿರುಗಿ, ಅಂಕಿಗಳೇ ಕಾಣುತ್ತಿರಲಿಲ್ಲ.

ನಿನ್ನನ್ನು ಒಂದು ಮಾತೂ ಕೇಳದೆ ಆ ಸೆಟ್ಟಿಂಗುಗಳನ್ನೆಲ್ಲ ಸಿ.ಡಿ.ಗೆ ಇಳಿಸಿಕೊಂಡು ಹೋಗಿ ಕಚೇರಿಯ ಹನ್ನೆರಡು ಕಂಪ್ಯೂಟರುಗಳಿಗೂ ಹಾಕಿದೆ. ಒಂದು ಸುತ್ತೋಲೆಗಾಗಿ ಅರ್ಧ ದಿನ ತಡಕಾಡುತ್ತಿದ್ದವರು ಚಹಾ ಆರುವುದರೊಳಗೆ ಅದನ್ನು ಮುಂದಿಡತೊಡಗಿದರು. ದೊಡ್ಡ ಸಾಹೇಬರು ಬಂದು ನೋಡಿ, ಇದನ್ನು ಯಾರು ಮಾಡಿದ್ದೆಂದು ಹಿಂದಿಯಲ್ಲಿ ಕೇಳಿದರು.

"ಮೈನೇ, ಸರ್."

ನಾನೇ ಎಂದುಬಿಟ್ಟೆ — ಬಾಯಿ ತಡವರಿಸಲೂ ಇಲ್ಲ. ಸಾಹೇಬರು ಹೊರಗಿನವರ ಕೆಲಸವಿರಬೇಕು ಎಂದುಕೊಂಡಿದ್ದರಂತೆ, ಅವರನ್ನೇ ಕರೆಸಿ ಶನಿವಾರಗಳಂದು ಎಲ್ಲ ಶಾಖೆಗಳವರಿಗೂ ಪಾಠ ಮಾಡಿಸೋಣವೆಂದಿದ್ದರಂತೆ. ಆಗಲಾದರೂ ನಾನು ನಿನ್ನ ಹೆಸರು... ಹೇಳಲಿಲ್ಲ. ಅದೇ ವಾರ ಒಂದು ಶಾಲೆಯವರು, ಕಲಿಸಿದ ಅನುಭವಪತ್ರ ಇಲ್ಲವೆಂದು ನಿನ್ನ ಅರ್ಜಿಯನ್ನು ಹಿಂದಿರುಗಿಸಿದ್ದರು. ಅದೂ ನನಗೆ ಗೊತ್ತಿತ್ತು.

ಕಚೇರಿಯ ಸ್ನೇಹಕೂಟಕ್ಕೆ ನೀನು ಬಂದಾಗ ಗಡಿಯಾರ ಎಡಕ್ಕೇಕೆ ಎಂದು ಯಾರೋ ಕೇಳಿದರು. ಓದುವವರ ಕಣ್ಣು ಮೊದಲು ಎಡಕ್ಕೇ ಹೋಗುತ್ತದೆ ಎಂದು ನಾನು ದೊಡ್ಡ ಸಿದ್ಧಾಂತವನ್ನೇ ಬಿಗಿದೆ. ನೀನು ಹಿಂದೆ ನಿಂತು ಕೇಳುತ್ತಿದ್ದೆ. ಸ್ಕೂಟರಿನಲ್ಲಿ ಮನೆಗೆ ಬರುವಾಗ ಬೆನ್ನ ಹಿಂದಿನಿಂದ ನೀನು ಕೇಳಿದೆ:

"ಆಫೀಸಿನ ಮಾನಿಟರ್ ಮೂಲಿನೂ ನೇರಳೆ ಆಗ್ಯಾವೇನ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. "ಜಲ್ದಿ ಹೋಗೂಣು, ಮಗಳು ಕಾಯ್ತಿರತಾಳ" ಎಂದೆ. ನೀನು ಮತ್ತೆಂದೂ ಕೇಳಲಿಲ್ಲ. ನಮ್ಮ ಪಡಸಾಲೆಯಲ್ಲೇ ಓಣಿಯ ಹೆಂಗಸರಿಗೆ ಕಂಪ್ಯೂಟರ್ ಕಲಿಸಲು ಕುಳಿತೆ. ಮರಾಠಿಯಲ್ಲಿ ಎಷ್ಟು ಚೆಂದ ಕಲಿಸುತ್ತಿದ್ದೆ — ಬಾಗಿಲ ಮರೆಯಲ್ಲಿ ನಿಂತು ಕೇಳಿ ನಾನೇ ಬೀಗಿದ್ದೇನೆ. ಬೀಗುವ ಹಕ್ಕು ನನಗೆಲ್ಲಿತ್ತು?

ಶುಕ್ರವಾರ ನನ್ನ ನಿವೃತ್ತಿಯ ಬೀಳ್ಕೊಡುಗೆ. ಕಚೇರಿಯ ಯಂತ್ರಗಳು ಎರಡು ಸಲ ಬದಲಾದವು, ಯಾವುದರ ಮೂಲೆಯೂ ನೇರಳೆಯಾಗಿಲ್ಲ, ಗಡಿಯಾರ ಮಾತ್ರ ಎಡಕ್ಕೇ ಇದೆ. ಹೊಸಬರಿಗೆ ಇವತ್ತಿಗೂ ನನ್ನ ಸಿದ್ಧಾಂತವನ್ನೇ ಹೇಳಿಕೊಡುತ್ತಾರೆ. ಅಂದು ಎದ್ದು ನಿಂತು ಸ್ಪೀಕರಿನ ಕಥೆ ಹೇಳುತ್ತೇನೆ, ನಿನ್ನ ಪೂರ್ತಿ ಹೆಸರು ಹೇಳುತ್ತೇನೆ. ನೀನು ಬಂದರೆ ಮುಂದಿನ ಸಾಲಿನಲ್ಲಿ ಕೂರು, ಬಾರದಿದ್ದರೂ ಹೇಳುತ್ತೇನೆ.

ಇದರಿಂದ ಏನೂ ತಿರುಗಿ ಬರುವುದಿಲ್ಲವೆಂದು ಬಲ್ಲೆ. ಒಂದು ವರ್ಷ ಶನಿವಾರಗಳಂದು ಶಾಖೆಗಳವರಿಗೆ ಕಲಿಸಿದ್ದಕ್ಕೆ ಸಾಹೇಬರು ಸಹಿ ಮಾಡಿ ಕೊಟ್ಟ ಅನುಭವಪತ್ರ ನಮ್ಮ ಕಪಾಟಿನಲ್ಲೇ ಇದೆ. ಅದರಲ್ಲಿರುವುದು ನನ್ನ ಹೆಸರು.