ಸೀರೆಗೆ ಸೇರದ ಎಳೆಗಳು

ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಕೆಲವು ಪ್ರೋಟೀನ್‌ಗಳು ಸಣ್ಣ ಚುಕ್ಕೆಗಳಾಗಿ ಗುಂಪುಗೂಡಿರುತ್ತವೆ. ಅವನ್ನು ಹಾಗೆ ಕೂಡಿಸಿಡುವುದು ಒಂದು ಆರ್‌ಎನ್‌ಎ. ಆರ್‌ಎನ್‌ಎ ಎಂದರೆ ಪ್ರೋಟೀನ್ ಕಟ್ಟಲು ಹೋಗುವ ಅಪ್ಪಣೆಚೀಟಿ ಎಂದು ಓದಿ ಬೆಳೆದವನು ನಾನು. ಇದು ಯಾವ ಪ್ರೋಟೀನನ್ನೂ ಕಟ್ಟಿಸುವುದಿಲ್ಲ. ಮೈಸೂರಿನ ಪ್ರಯೋಗಾಲಯದಲ್ಲಿ ಹೋದ ತಿಂಗಳು ಅದೊಂದನ್ನು ಇಲ್ಲವಾಗಿಸಿ ನೋಡಿದೆ. ಪ್ರೋಟೀನ್‌ಗಳು ಇದ್ದವು, ಚುಕ್ಕೆಗಳು ಇರಲಿಲ್ಲ. ಎಲ್ಲ ಚದುರಿಹೋಗಿತ್ತು.

ಆಗ ಕೊಳ್ಳೇಗಾಲದ ಅತ್ತೆ ಮನೆಯ ರೇಷ್ಮೆ ಮಗ್ಗ ನೆನಪಾಯಿತು. ನೇಯ್ದ ಸೀರೆಯನ್ನು ಕತ್ತರಿಸಿಕೊಂಡ ಮೇಲೆ ಹಳೆಯ ಎಳೆಗಳ ತುದಿಗಳನ್ನು ಮಗ್ಗದಲ್ಲೇ ಬಿಡುತ್ತಾರೆ. ಹೊಸ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಗಂಟು ಹಾಕಿ ಎಳೆದರೆ ಪ್ರತಿಯೊಂದೂ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಆ ತುದಿಗಳು ಮಾತ್ರ ಯಾವ ಸೀರೆಗೂ ಸೇರುವುದಿಲ್ಲ. ಹತ್ತು ವರ್ಷದವನಿದ್ದಾಗ ಅವನ್ನು ಕಸವೆಂದು ಕತ್ತರಿಸಿ, ಕಿತ್ತು, ಮಗ್ಗ ಶುಚಿ ಮಾಡಿಟ್ಟೆ. ಸಾವಿರಾರು ಎಳೆಗಳನ್ನು ಮೊದಲಿಂದ ಪೋಣಿಸಬೇಕಾಯಿತು. ಅತ್ತೆಯದೇ ಕೆಲಸವೆಂದು ಮಾವ ಬೈದದ್ದು ಅವರನ್ನು. ಅದುವರೆಗೆ ಗಂಟು ಹಾಕುತ್ತಿದ್ದ ಅತ್ತೆಯನ್ನು ಆಮೇಲೆ ಮಗ್ಗದ ಹತ್ತಿರ ಸೇರಿಸಲೇ ಇಲ್ಲ. ನಾನು ಬಾಯಿ ಬಿಡಲಿಲ್ಲ.

ಇದೆಲ್ಲ ಹೀಗೇ ನಡೆಯಿತೇ? ಕತ್ತರಿಯ ತಣ್ಣನೆಯ ಹಿಡಿ ನೆನಪಿದೆ. ಅದು ಬೇರೆ ದಿನದ್ದೂ ಇರಬಹುದು. ನಾನು ಡೈರಿ ಬರೆಯತೊಡಗಿದ್ದು ಕಾಲೇಜಿಗೆ ಬಂದ ಮೇಲೆ.

ಕೇಳಿಯೇಬಿಡೋಣವೆಂದು ಭಾನುವಾರ ಹೋದೆ. ಪಡಸಾಲೆಯಲ್ಲಿ ಅತ್ತೆ ನನಗೂ ತಮಗೂ ಕಾಫಿ ತಂದರು. ಒಳಗೆ ಮಾವನ ಮಗ್ಗ ಸದ್ದು ಮಾಡುತ್ತಿರಲಿಲ್ಲ. ಹೊಸ ಎಳೆಗೆ ಗಂಟು ಹಾಕುತ್ತಿದ್ದರಂತೆ.

"ಅವತ್ತು ಎಳೆ ಕತ್ತರಿಸಿದ್ದು ನಾನೇ ಅನ್ಸುತ್ತೆ ಅತ್ತೆ."

ಅವರು ಲೋಟ ಕೆಳಗಿಟ್ಟರು. "ನಾನೇ ಅಲ್ವೇನ್ಲಾ? ಬೈಸ್ಕಂಡೂ ಬೈಸ್ಕಂಡೂ ನಂಗೂ ಅಂಗೇ ಅನ್ಸ್‌ಬುಟ್ಟದೆ."

ಅವತ್ತು ಎಲ್ಲಿದ್ದಿರಿ ಎಂದು ಕೇಳಿದೆ. ಬೆರಳು ಮಡಿಸುತ್ತ ಒಂದೊಂದಾಗಿ ನೆನಪಿಸಿಕೊಂಡರು. ಹೆರಿಗೆಯಾದ ತಂಗಿಯನ್ನು ನೋಡಲು ಬೆಳಿಗ್ಗೆಯೇ ಕಾಮಗೆರೆಯ ಆಸ್ಪತ್ರೆಗೆ ಹೋಗಿದ್ದರು. ಸಂಜೆ ಬಸ್ಸಿಳಿದು ಬಂದಾಗ ಮಾವ ಬಾಗಿಲಲ್ಲೇ ಬೈಯಲು ಶುರುಮಾಡಿದ್ದರು. ಹೇಳುತ್ತ ಹೇಳುತ್ತ ಅವರ ದನಿ ಏರಿತು. "ಮನೇಲೇ ಇರ್ನಿಲ್ವಲ್ಲಾ ನಾನು!"

ಮಾವ ಬಾಗಿಲಿಗೆ ಬಂದು ನಿಂತರು. ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಕಡೆ ನೋಡಲಿಲ್ಲ.

"ಕಣ್ಣು ಮಬ್ಬಾಗ್ಬುಟ್ಟದೆ ಕಣೇ. ನೀನೇ ಗಂಟಾಕು ಬಾ."

"ಕಾಪಿ ಕುಡ್ದು ಬತ್ತೀನಿ, ನಿಂತ್ಕಳಿ."

ಅತ್ತೆಯ ಲೋಟದಲ್ಲಿ ಕಾಫಿ ಮುಗಿದು ಆಗಲೇ ಹೊತ್ತಾಗಿತ್ತು. ಮಾವ ನಿಂತೇ ಇದ್ದರು.